ಕ್ಲಾಸಿನ ಅಂಗಡಿಯಲ್ಲಿ ಯಾವಾಗಲೂ ಚಿಲ್ಲರೆ ಇರುತ್ತದೆ

ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳು ಕಲಿಯುವ ಬಹುತೇಕ ವಿಶೇಷ ಶಾಲೆಗಳ ಒಂದು ಮೂಲೆಯಲ್ಲಿ ಪುಟ್ಟ ಅಂಗಡಿ ಇರುತ್ತದೆ. ಒಂದು ಮೇಜು. ಅದರ ಮೇಲೆ ಪ್ಲಾಸ್ಟಿಕ್ ಬಾಳೆಹಣ್ಣು, ಖಾಲಿ ಸೋಪಿನ ಡಬ್ಬ, ರಟ್ಟು ತುಂಬಿಸಿ ಅಂಟಿಸಿದ ಬಿಸ್ಕತ್ತಿನ ಕವರು, ಆಟದ ನೋಟುಗಳು. ಮೇಜಿನ ಹಿಂದೆ ಅಂಗಡಿಯವರಾಗಿ ಮಿಸ್ ಕೂತಿರುತ್ತಾರೆ. ಹುಡುಗ ಬರುತ್ತಾನೆ, ಸೋಪು ಕೊಡಿ ಅನ್ನುತ್ತಾನೆ, ನೋಟು ಕೊಡುತ್ತಾನೆ, ಚಿಲ್ಲರೆ ತಗೊಂಡು ಹೋಗುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದಾಖಲೆ ಪುಸ್ತಕದಲ್ಲಿ 'ಅಂಗಡಿಯಿಂದ ಸಾಮಾನು ತರುತ್ತಾನೆ' ಎಂಬ ಸಾಲಿನ ಮುಂದೆ ಒಂದು ರೈಟ್ ಬೀಳುತ್ತದೆ.

ಅದೇ ಹುಡುಗನನ್ನು ಬೀದಿ ತುದಿಯ ಪ್ರಾವಿಜನ್ ಸ್ಟೋರ್‌ಗೆ ಕರೆದುಕೊಂಡು ಹೋಗಿ ನೋಡಿ. ಅಲ್ಲಿ ಆಗಲೇ ಮೂರು ಜನ ನಿಂತಿರುತ್ತಾರೆ. ಯಾರೂ ಸಾಲಿನಲ್ಲಿ ಇರುವುದಿಲ್ಲ. ಅಂಗಡಿಯವರು ಒಬ್ಬರಿಗೆ ಬೇಳೆ ತೂಗುತ್ತಾ, ಇನ್ನೊಬ್ಬರಿಗೆ ಲೆಕ್ಕ ಹೇಳುತ್ತಾ, ಇವನ ಮುಖ ನೋಡದೆ 'ನಿಂಗೇನಪ್ಪಾ?' ಅಂತಾರೆ. ಇವನು ಸೋಪು ಅಂದರೆ, 'ಅದು ಖಾಲಿ, ಬೇರೆ ಕೊಡ್ಲಾ?' ಅಂತಾರೆ. ಎರಡು ರೂಪಾಯಿ ಚಿಲ್ಲರೆ ಇಲ್ಲ, ಬದಲಿಗೆ ಎರಡು ಚಾಕೊಲೇಟ್ ಬರುತ್ತದೆ. ಕ್ಲಾಸಿನಲ್ಲಿ ಅಷ್ಟು ಚೆನ್ನಾಗಿ ಮಾಡಿದ ಹುಡುಗ ಇಲ್ಲಿ ಕಂಬದ ಹಾಗೆ ನಿಂತುಬಿಡುತ್ತಾನೆ.

ನೋಡಿದವರು 'ಪಾಪ, ಮರೆತುಬಿಟ್ಟ' ಅನ್ನುತ್ತಾರೆ. ಅವನು ಏನನ್ನೂ ಮರೆತಿರುವುದಿಲ್ಲ. ಅವನು ಕಲಿತದ್ದು ಆ ಮೇಜು, ಆ ಮಿಸ್ಸು, ಆ ಖಾಲಿ ಡಬ್ಬದ ಪಾಠ. ಅದು ಅವನಿಗೆ ಈಗಲೂ ಬರುತ್ತದೆ. ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳಿಗೆ, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ, ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿಯೇ ದಾಟುವುದಿಲ್ಲ. ದಾಟಿಸಬೇಕು. ಇಲ್ಲವೇ ಮೊದಲಿನಿಂದಲೂ ಆ ದಡದಲ್ಲೇ ಕಲಿಸಬೇಕು. ಟ್ರೆವರ್ ಸ್ಟೋಕ್ಸ್ ಮತ್ತು ಡೊನಾಲ್ಡ್ ಬೇರ್ ಎಂಬ ಇಬ್ಬರು ಸಂಶೋಧಕರು 1977ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದರು. ಕಲಿಸಿಬಿಟ್ಟು, ಆಮೇಲೆ ಎಲ್ಲ ಕಡೆ ಮಾಡ್ತಾನೆ ಅಂತ ಆಸೆ ಇಟ್ಟುಕೊಂಡು ಕೂರುವ ನಮ್ಮ ಅಭ್ಯಾಸವನ್ನು ಅದರಲ್ಲಿ ಸರಿಯಾಗಿಯೇ ಹಿಡಿದಿದ್ದಾರೆ. ಅಷ್ಟು ವರ್ಷಗಳಾದರೂ ಆ ಮೂಲೆಯ ಮೇಜು ಹೋಗಿಲ್ಲ.

ಗುಂಡಿ ಹಾಕುವುದನ್ನೇ ತಗೊಳ್ಳಿ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅದಕ್ಕೆ ದೊಡ್ಡ ಗುಂಡಿ ಹೊಲಿದ ಫ್ರೇಮ್ ನಮ್ಮ ಎಲ್ಲ ಶಾಲೆಗಳಲ್ಲೂ ಇದೆ. ಮಾರಿಯಾ ಮಾಂಟೆಸ್ಸೊರಿ ಅವರಿಂದ ಬಂದದ್ದು. ಮಾಂಟೆಸ್ಸೊರಿ ಅಂದರೆ ಈಗ ದುಬಾರಿ ಫೀಸಿನ ನರ್ಸರಿ ನೆನಪಾಗುತ್ತದೆ, ಅಲ್ವಾ? ಆದರೆ 1900ರ ಸುಮಾರಿಗೆ ರೋಮ್‌ನಲ್ಲಿ ಅವರು ಕೆಲಸ ಶುರು ಮಾಡಿದ್ದು 'ಇವರಿಗೆ ಕಲಿಸಲು ಆಗುವುದಿಲ್ಲ' ಎಂದು ಕೈಬಿಟ್ಟ ಮಕ್ಕಳ ಜೊತೆ. ಇರಲಿ. ಆ ಫ್ರೇಮ್ ಮೇಜಿನ ಮೇಲೆ ಮಲಗಿರುತ್ತದೆ, ಗುಂಡಿಗಳು ನಮ್ಮತ್ತ ನೋಡುತ್ತಿರುತ್ತವೆ. ಮೈಮೇಲಿನ ಅಂಗಿಯ ಗುಂಡಿಯನ್ನು ಕತ್ತು ಬಗ್ಗಿಸಿ ಮೇಲಿನಿಂದ ನೋಡಬೇಕು. ಕತ್ತಿನ ಹತ್ತಿರದ ಗುಂಡಿಯಂತೂ ಕಾಣುವುದೇ ಇಲ್ಲ. ಬಟ್ಟೆ ಬಿಗಿಯಾಗಿರುವುದಿಲ್ಲ, ಜಾರುತ್ತದೆ. ಫ್ರೇಮಿನಲ್ಲಿ ಪಟಪಟ ಹಾಕುವ ಮಗು ಅಂಗಿಯಲ್ಲಿ ಸೋಲುವುದಕ್ಕೆ ಇಷ್ಟು ಸಾಕು. ಬೆರಳಿಗೆ ಶಕ್ತಿ ಬರಲಿ ಅಂತ ಫ್ರೇಮ್ ಇಟ್ಟುಕೊಳ್ಳಲಿ, ನನ್ನ ಅಭ್ಯಂತರ ಇಲ್ಲ. ಆದರೆ ಗುಂಡಿಯ ಪಾಠ ನಡೆಯಬೇಕಾದ್ದು ಬೆಳಿಗ್ಗೆ ಸ್ನಾನ ಮುಗಿದ ಮೇಲೆ, ಅವನದೇ ಅಂಗಿಯ ಮೇಲೆ.

ಏನನ್ನು ಕಲಿಸಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಪರೀಕ್ಷೆ ಲೂ ಬ್ರೌನ್ ಅವರದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಪ್ರೊಫೆಸರ್ ಆಗಿದ್ದವರು. ತೀವ್ರ ಅಸಾಮರ್ಥ್ಯ ಇರುವ ಮಕ್ಕಳಿಗೆ ದೊಡ್ಡವರಾದ ಮೇಲೆ ಬದುಕಲು ಬೇಕಾದ್ದನ್ನೇ ಕಲಿಸಬೇಕು ಎಂದು 1970ರ ದಶಕದಿಂದಲೇ ವಾದಿಸಿದವರು. ಅವರ ಪ್ರಶ್ನೆ ತುಂಬಾ ಸರಳ. ಈ ಕೆಲಸವನ್ನು ಈ ಮಗು ಮಾಡದಿದ್ದರೆ, ಇವನ ಪರವಾಗಿ ಬೇರೆ ಯಾರಾದರೂ ಮಾಡಬೇಕಾಗುತ್ತದಾ? ಹಲ್ಲು ಉಜ್ಜದಿದ್ದರೆ ಅಮ್ಮ ಉಜ್ಜಬೇಕು. ತಟ್ಟೆ ತೊಳೆಯದಿದ್ದರೆ ಅಕ್ಕ ತೊಳೆಯಬೇಕು. ಮಣಿ ಪೋಣಿಸದಿದ್ದರೆ? ಯಾರೂ ಪೋಣಿಸುವುದಿಲ್ಲ.

ಈ ಪ್ರಶ್ನೆ ಹಿಡಿದುಕೊಂಡು ನಮ್ಮ ವಾರ್ಷಿಕ ಗುರಿಗಳ ಹಾಳೆ ನೋಡಿದರೆ ಅರ್ಧಕ್ಕರ್ಧ ಉದುರುತ್ತದೆ. ಮಗುವಿಗೆ ಏನೇನು ಬರುತ್ತದೆ ಎಂದು ನೋಡಿ ಗುರಿ ಆರಿಸಲು, ಚೆನ್ನೈನಲ್ಲಿ ರೂಪುಗೊಂಡ ಎಂಡಿಪಿಎಸ್ (ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್) ಎಂಬ ಪಟ್ಟಿಯನ್ನು ನಮ್ಮಲ್ಲಿ ತುಂಬಾ ಕಡೆ ಬಳಸುತ್ತಾರೆ. 18 ವಿಭಾಗ, ಒಂದೊಂದರಲ್ಲಿ 20 ಅಂಶ, ಒಟ್ಟು 360. ಊಟ, ಬಟ್ಟೆ, ಸ್ನಾನ, ದುಡ್ಡು, ಮನೆಗೆಲಸ ಎಲ್ಲವೂ ಅದರಲ್ಲಿವೆ, ಒಳ್ಳೆಯ ಪಟ್ಟಿ. ತೊಂದರೆ ಇರುವುದು ನಾವು ಆರಿಸಿಕೊಳ್ಳುವ ರೀತಿಯಲ್ಲಿ. ಕ್ಲಾಸಿನಲ್ಲಿ ಕೂತು ಮಾಡಿಸಬಹುದಾದ್ದನ್ನೇ ಆರಿಸುತ್ತೇವೆ. ಹಾಗಾಗಿ ಮೀಸೆ ಬಂದ ಹುಡುಗನೂ ಕೆಂಪು ಗೂಟವನ್ನು ಕೆಂಪು ತೂತಿಗೆ ಹಾಕುತ್ತಾ ಕೂತಿರುತ್ತಾನೆ.

ಅಂಗಡಿಯ ಪಾಠ ನಾವು ಹೇಗೆ ಮಾಡುತ್ತೇವೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಶಾಲೆಗೆ ಹತ್ತಿರದ ಒಂದು ಅಂಗಡಿಯವರ ಜೊತೆ ಮಾತಾಡಿಕೊಳ್ಳುತ್ತೇವೆ. ಶುರುವಿನಲ್ಲಿ ಹೋಗುವುದು ಹನ್ನೊಂದು ಗಂಟೆಗೆ, ಗಿರಾಕಿ ಕಡಿಮೆ ಇರುವ ಹೊತ್ತು. ಓದಲು ಬಾರದ ಮಗುವಿಗೆ ಚೀಟಿ ಅಂದರೆ ಹಳೇ ಕವರಿನ ತುಂಡು. ಮನೆಯಲ್ಲಿ ನಿಜವಾಗಿ ಬಳಸುವ ಸೋಪು, ಟೀ ಪುಡಿ, ಪೇಸ್ಟಿನ ಕವರು ಕತ್ತರಿಸಿ ಸಣ್ಣ ಆಲ್ಬಂನಲ್ಲಿ ಹಾಕಿರುತ್ತೇವೆ. ಅದನ್ನು ತೋರಿಸಿದರೆ ಸಾಕು. ಮಾತು ಬಾರದ ಮಕ್ಕಳಿಗೂ ಇದು ಆಗುತ್ತದೆ.

ಲೆಕ್ಕ ಬಾರದವರು ದುಡ್ಡು ಹೇಗೆ ಕೊಡುವುದು? ಇದಕ್ಕೆ ಒಂದು ಉಪಾಯ ಇದೆ. ಹತ್ತರ ನೋಟುಗಳನ್ನೇ ಕೊಟ್ಟು ಕಳಿಸುವುದು. ಅಂಗಡಿಯವರು 'ನಲವತ್ತಮೂರು' ಅಂದರೆ ನಲವತ್ತಕ್ಕೆ ನಾಲ್ಕು ನೋಟು, ಮೇಲೆ ಇನ್ನೊಂದು. ಅಷ್ಟೇ. ಕೂಡುವುದು ಬೇಡ, ಕಳೆಯುವುದು ಬೇಡ. ಹತ್ತು ಇಪ್ಪತ್ತು ಮೂವತ್ತು ಎಂದು ಎಣಿಸಲು ಬಂದರೆ ಸಾಕು. ಬಂದ ಚಿಲ್ಲರೆ ಸರಿ ಇದೆಯಾ ಅಂತ ಅವನಿಗೆ ಗೊತ್ತಾಗುವುದಿಲ್ಲ, ನಿಜ. ನಮ್ಮಲ್ಲಿ ಎಷ್ಟು ಜನ ಚಿಲ್ಲರೆ ಎಣಿಸಿಕೊಂಡು ಮನೆಗೆ ಬರುತ್ತೇವೆ?

ನೋಟಿನ ಗುರುತು ಹಿಡಿಸುವುದು ಮಾತ್ರ ಈಗ ಮೊದಲಿಗಿಂತ ಕಷ್ಟ. ನಮ್ಮ ಮಕ್ಕಳು ಅಂಕಿಗಿಂತ ಬಣ್ಣ ನೋಡಿ ನೋಟು ಗುರುತಿಸುವುದು ಜಾಸ್ತಿ. 2016ರ ನೋಟು ರದ್ದತಿಯ ನಂತರ ಬಣ್ಣಗಳೆಲ್ಲ ಒಂದೊಂದಾಗಿ ಬದಲಾದವು. ನೂರು ನೇರಳೆಯಾಯಿತು, ಐವತ್ತು ನೀಲಿಯಾಯಿತು, ಹತ್ತು ಚಾಕೊಲೇಟ್ ಬಣ್ಣಕ್ಕೆ ಬಂತು. ಹಳೆಯ ಹತ್ತೂ ಚಲಾವಣೆಯಲ್ಲಿ ಇದೆ, ಹೊಸ ಹತ್ತೂ ಇದೆ. 2017ರಲ್ಲಿ ಬಂದ ಇನ್ನೂರು ಹಳದಿ, 2019ರಲ್ಲಿ ಬಂದ ಹೊಸ ಇಪ್ಪತ್ತು ಹಸಿರು ಬೆರೆತ ಹಳದಿ. ಸಂಜೆ ಮಬ್ಬಿನಲ್ಲಿ ನಾನೇ ಎರಡು ಸಲ ನೋಡುತ್ತೇನೆ. ಮಾರುಕಟ್ಟೆಯ ಆಟದ ನೋಟಿನ ಪ್ಯಾಕೆಟ್ಟಿನಲ್ಲಿ ಈ ಗೊಂದಲ ಯಾವುದೂ ಇರುವುದಿಲ್ಲ. ಒಂದು ಬೆಲೆಗೆ ಒಂದೇ ನೋಟು, ಎಲ್ಲವೂ ಗರಿಗರಿ. ನಿಜವಾದ ಹತ್ತು ರೂಪಾಯಿ ಮುದುಡಿರುತ್ತದೆ, ಮಾಸಿರುತ್ತದೆ, ಒಮ್ಮೊಮ್ಮೆ ಅಂಟಿಸಿರುತ್ತದೆ. ಹಾಗಾಗಿ ಪಾಠಕ್ಕೂ ನಿಜವಾದ ದುಡ್ಡೇ ಬೇಕು.

ಅಂಗಡಿಯಲ್ಲಿ ನಮ್ಮ ಕೆಲಸ ಹಿಂದೆ ನಿಲ್ಲುವುದು. ಕೇಳಲು ಸುಲಭ. ಮಗು ಸುಮ್ಮನೆ ನಿಂತಾಗ ಬಾಯಿ ಮುಚ್ಚಿಕೊಂಡು ಇರುವುದು ಈ ವೃತ್ತಿಯಲ್ಲೇ ಅತ್ಯಂತ ಕಷ್ಟದ ಕೆಲಸ. ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತೇನೆ. ಆಮೇಲೂ ಆಗದಿದ್ದರೆ ಜೇಬಿನ ಕಡೆ ಬೆರಳು ತೋರಿಸುತ್ತೇನೆ. ಮಾತಾಡುವುದಿಲ್ಲ. ಯಾಕೆಂದರೆ 'ಈಗ ದುಡ್ಡು ಕೊಡು' ಅಂತ ಪ್ರತಿ ಸಲ ಹೇಳಿದರೆ ಆ ಮಾತೂ ಪಾಠದ ಒಂದು ಮೆಟ್ಟಿಲಾಗಿ ಸೇರಿಬಿಡುತ್ತದೆ. ಯಾರಾದರೂ ಹೇಳುವ ತನಕ ಅವನು ಕಾಯುತ್ತಾನೆ. ಬೆರಳನ್ನು ಮೆಲ್ಲಗೆ ಹಿಂದಕ್ಕೆ ತಗೊಳ್ಳಬಹುದು, ದನಿಯನ್ನು ಹಾಗೆ ತೆಗೆಯುವುದು ಬಹಳ ಕಷ್ಟ.

ಇದರಲ್ಲಿ ಅಡ್ಡಿ ಬರುವುದು ಜನರ ಒಳ್ಳೆಯತನ. ಪಕ್ಕದಲ್ಲಿದ್ದ ಅಜ್ಜಿ 'ಪಾಪ ಮಗೂಗೆ ಕೊಡಪ್ಪಾ ಮೊದ್ಲು' ಅಂತಾರೆ. ಅಂಗಡಿಯವರು ದುಡ್ಡೇ ತಗೊಳ್ಳದೆ ಬಿಸ್ಕತ್ ಕೊಟ್ಟು ಕಳಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಬೈಯಲು ಬಾಯಿ ಬರುವುದಿಲ್ಲ. ಆದರೆ ಆವತ್ತು ಮಗು ಕಲಿತದ್ದು ಏನು? ಅಂಗಡಿಗೆ ಹೋದರೆ ಬಿಸ್ಕತ್ ಪುಕ್ಕಟೆ ಸಿಗುತ್ತದೆ ಅಂತ. ನಾಳೆ ಬೇರೆ ಅಂಗಡಿಯಲ್ಲಿ ಹಾಗೇ ಎತ್ತಿಕೊಂಡರೆ ಜನ ಕಳ್ಳ ಅನ್ನುತ್ತಾರೆ. ಹಾಗಾಗಿ ಅಂಗಡಿಯವರಿಗೆ ನಾವು ಮೊದಲೇ ಹೇಳುವುದು ಎರಡೇ. ದುಡ್ಡು ತಗೊಳ್ಳಿ. ಚಿಲ್ಲರೆಯನ್ನು ಅವನ ಕೈಗೇ ಕೊಡಿ, ನನ್ನ ಕೈಗೆ ಕೊಡಬೇಡಿ.

ಈಗ ಇನ್ನೊಂದು ತಲೆನೋವು. ಮನೆಗಳಲ್ಲಿ ನೋಟೇ ಕಾಣುತ್ತಿಲ್ಲ. ಅಪ್ಪ ಅಂಗಡಿಯಲ್ಲಿ ಫೋನ್ ತೋರಿಸುತ್ತಾರೆ, ಡಬ್ಬಿಯೊಳಗಿಂದ ಒಂದು ಹೆಂಗಸಿನ ದನಿ 'ಸ್ವೀಕರಿಸಲಾಗಿದೆ' ಅನ್ನುತ್ತದೆ, ಸಾಮಾನು ಬರುತ್ತದೆ. ಮಗುವಿನ ಕಣ್ಣಿಗೆ ದುಡ್ಡು ಅನ್ನುವುದು ಎಲ್ಲೂ ಇಲ್ಲ. ನೋಟಿನ ಪಾಠ ಇನ್ನೂ ಬೇಕಾ ಅಂತ ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಲವು ದೊಡ್ಡ ಮಕ್ಕಳಿಗೆ ಸ್ಕ್ಯಾನ್ ಮಾಡುವುದು ನೋಟು ಎಣಿಸುವುದಕ್ಕಿಂತ ಸುಲಭ. ಹೆದರಿಕೆ ಇರುವುದು ಪಿನ್ ಯಾರಿಗಾದರೂ ಹೇಳಿಬಿಟ್ಟರೆ, ಒಂದು ಸೊನ್ನೆ ಜಾಸ್ತಿ ಒತ್ತಿದರೆ ಅಂತ. 2024ರಲ್ಲಿ ಬಂದ ಯುಪಿಐ ಸರ್ಕಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಪ್ಪನದೋ ಅಮ್ಮನದೋ ಖಾತೆಯಿಂದಲೇ, ಅವರು ಇಟ್ಟ ಮಿತಿಯೊಳಗೆ, ಮಗ ತನ್ನ ಫೋನಿನಿಂದ ಕೊಡಬಹುದು. ಬೇಕಿದ್ದರೆ ಪ್ರತಿ ಸಲವೂ ಅಮ್ಮ ಒಪ್ಪಿದ ಮೇಲೇ ದುಡ್ಡು ಹೋಗುವ ಹಾಗೆ ಮಾಡಿಕೊಳ್ಳಬಹುದು. ನಮ್ಮ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದೇನಲ್ಲ. ಆದರೂ ಅವರಿಗೇ ಹೊಲಿಸಿದ ಹಾಗಿದೆ. ನೋಟಿನ ಪಾಠವನ್ನು ನಾನು ಬಿಟ್ಟಿಲ್ಲ. ನೆಟ್‌ವರ್ಕ್ ಇಲ್ಲದ ದಿನ ಎಲ್ಲರಿಗೂ ಬರುತ್ತದೆ.

ಬಸ್ಸಿನಲ್ಲೂ ಇಂಥದ್ದೇ ಒಂದು ಬದಲಾವಣೆ ಆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನಮ್ಮ ದೊಡ್ಡ ಹುಡುಗಿಯರಿಗೆ ಟಿಕೆಟ್ ದುಡ್ಡಿನ ಲೆಕ್ಕವೇ ಇಲ್ಲ. ಗುರುತಿನ ಚೀಟಿ ತೋರಿಸಬೇಕು, ಇಳಿಯುವ ಜಾಗ ಹೇಳಬೇಕು, ಶೂನ್ಯ ಟಿಕೆಟ್ಟನ್ನು ಇಳಿಯುವವರೆಗೆ ಇಟ್ಟುಕೊಳ್ಳಬೇಕು. ಮೂರೇ ಕೆಲಸ. ಮೈಸೂರಿನ ಸಿಟಿ ಬಸ್ ನಿಲ್ದಾಣದಲ್ಲಿ ಇದನ್ನು ಕಲಿಸುವಾಗ ಒಂದು ಸಂಗತಿ ಗಮನಿಸಿದ್ದೇನೆ. ಸ್ಟಾಪಿನ ಹೆಸರಿಗಿಂತ ಅದಕ್ಕೆ ಮೊದಲು ಕಾಣುವ ಗುರುತು ಮುಖ್ಯ. ಪೆಟ್ರೋಲ್ ಬಂಕ್ ಕಂಡ ತಕ್ಷಣ ಎದ್ದು ನಿಲ್ಲಬೇಕು ಅಂತ ಕಲಿಸಿದರೆ ಇಳಿಯಲು ಸಮಯ ಸಿಗುತ್ತದೆ. ಸ್ಟಾಪ್ ಬಂದ ಮೇಲೆ ಏಳುವುದಾದರೆ ಬಸ್ಸು ಕಾಯುವುದಿಲ್ಲ. ಮತ್ತೆ, ತಪ್ಪು ಸ್ಟಾಪಿನಲ್ಲಿ ಇಳಿದರೆ ಏನು ಮಾಡಬೇಕು ಅನ್ನುವುದನ್ನೂ ಬೇಕೆಂದೇ ತಪ್ಪು ಸ್ಟಾಪಿನಲ್ಲಿ ಇಳಿಸಿ ಕಲಿಸಬೇಕು. ಹಿಂದೆ ಒಬ್ಬರು ಕಾಣದ ಹಾಗೆ ಇರುತ್ತಾರೆ, ಜೇಬಿನಲ್ಲಿ ಫೋನ್ ನಂಬರಿನ ಕಾರ್ಡ್ ಇರುತ್ತದೆ. ಇದನ್ನು ಹೇಳಿದರೆ ಪೋಷಕರು ಬೆಚ್ಚುತ್ತಾರೆ. ಅಮೆರಿಕದ ರಾಬರ್ಟ್ ಪರ್ಸ್ಕಿ 1972ರಲ್ಲೇ ಬರೆದಿದ್ದರು, ಅಪಾಯ ಎಲ್ಲವನ್ನೂ ದೂರ ಇಟ್ಟು ಸಾಕಿದರೆ ಮನುಷ್ಯನ ಘನತೆಯನ್ನೂ ದೂರ ಇಟ್ಟ ಹಾಗೆ ಎಂಬ ಅರ್ಥದಲ್ಲಿ. ಒಪ್ಪುತ್ತೇನೆ. ಆದರೂ ಬಸ್ಸಿನಿಂದ ಒಬ್ಬಳೇ ಇಳಿದ ಹುಡುಗಿ ತಿರುವಿನಲ್ಲಿ ಕಣ್ಮರೆಯಾದಾಗ ಎದೆ ಹೊಡೆದುಕೊಳ್ಳುವುದು ನನಗೂ ತಪ್ಪಿಲ್ಲ.

ಅಡುಗೆಮನೆ ನನಗೆ ಬಲು ಇಷ್ಟದ ಪಾಠದ ಕೋಣೆ. ಅಲ್ಲಿ ನಾವು ಹಿಂದಿನಿಂದ ಮುಂದಕ್ಕೆ ಕಲಿಸುತ್ತೇವೆ. ಚಿತ್ರಾನ್ನ ಅಂದುಕೊಳ್ಳಿ. ಮೊದಲ ವಾರಗಳಲ್ಲಿ ಒಗ್ಗರಣೆ, ಅರಿಶಿನ, ಎಲ್ಲ ನಾವೇ ಮಾಡಿರುತ್ತೇವೆ. ಹುಡುಗಿ ಅನ್ನ ಹಾಕಿ ಕಲಸಿ ತಟ್ಟೆಗೆ ಬಡಿಸುತ್ತಾಳೆ. ಅದು ಬಂದ ಮೇಲೆ ನಿಂಬೆಹಣ್ಣು ಹಿಂಡುವುದು. ಆಮೇಲೆ ಈರುಳ್ಳಿ ಬಾಡಿಸುವುದು. ಆಮೇಲೆ ಸಾಸಿವೆ. ಒಲೆ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಎರಡು ಲಾಭ. ಮೊದಲ ದಿನವೇ 'ನಾನು ಮಾಡಿದ ಚಿತ್ರಾನ್ನ' ಎಂದು ಅವಳು ತಿನ್ನುತ್ತಾಳೆ. ಬೆಂಕಿಯ ಹತ್ತಿರ ಹೋಗುವ ಹೊತ್ತಿಗೆ ಉಳಿದದ್ದೆಲ್ಲ ಕೈಗೆ ಬಂದಿರುತ್ತದೆ. ಗಾಬರಿ ಇರುವುದಿಲ್ಲ.

ಕುಕ್ಕರಿಗೆ ಬಟ್ಟೆ ಕ್ಲಿಪ್. ಲೋಟದ ಅಂಚಿಗೆ ಮೂರು ಕ್ಲಿಪ್ ಸಿಕ್ಕಿಸುವುದು, ಒಂದು ಸೀಟಿ ಕೂಗಿದರೆ ಒಂದು ತೆಗೆಯುವುದು, ಕ್ಲಿಪ್ ಮುಗಿದರೆ ಒಲೆ ಆರಿಸುವುದು. ಶಾಲೆಯಲ್ಲಿ ಇದು ಸೊಗಸಾಗಿ ನಡೆಯುತ್ತದೆ. ವಠಾರದ ಮನೆಯಲ್ಲಿ ಇರುವ ಒಬ್ಬ ಹುಡುಗನ ಅಮ್ಮ ಬಂದು ಹೇಳಿದರು: 'ಮಿಸ್, ಬೇಳೆ ಬೇಯೋದೇ ಇಲ್ಲ.' ವಿಚಾರಿಸಿದರೆ, ಪಕ್ಕದ ಮನೆಯ ಕುಕ್ಕರ್ ಕೂಗಿದಾಗಲೂ ಇವನು ಕ್ಲಿಪ್ ತೆಗೆಯುತ್ತಿದ್ದ! ಶಾಲೆಯಲ್ಲಿ ಇರುವುದು ಒಂದೇ ಕುಕ್ಕರ್. ಈಗ ಅವನಿಗೆ ಕಿವಿಯ ಜೊತೆ ಕಣ್ಣೂ ಬೇಕು. ನಮ್ಮ ಕುಕ್ಕರಿನ ಮೇಲೆ ಆವಿ ಎದ್ದರೆ ಮಾತ್ರ ಕ್ಲಿಪ್. ಇದನ್ನು ಅವನ ಮನೆಯ ಅಡುಗೆಮನೆಯಲ್ಲಿ ನಿಂತೇ ಕಲಿಸಬೇಕಾಯಿತು.

ಯಾರೂ ಬಾಯಿಬಿಟ್ಟು ಕೇಳದ ಪಾಠ ಮುಟ್ಟಿನದು. ಮಗಳು ಎಂಟೊಂಬತ್ತು ವರ್ಷದವಳಾದಾಗಿನಿಂದಲೇ ಕೆಲವು ಅಮ್ಮಂದಿರ ನಿದ್ದೆ ಹೋಗಿರುತ್ತದೆ. ಇದಕ್ಕೆ ಗೊಂಬೆ, ಚಿತ್ರದ ಚಾರ್ಟು ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಮೊದಲ ಮುಟ್ಟಿಗೆ ಮುಂಚೆಯೇ, ಮನೆಯ ಬಚ್ಚಲಿನಲ್ಲಿ, ಅವಳ ಬಟ್ಟೆಯ ಮೇಲೇ ಪ್ಯಾಡ್ ಇಡಲು ಅಭ್ಯಾಸ ಮಾಡಿಸಬೇಕು. ಎಲ್ಲಿ ಇಡಬೇಕು ಅಂತ ಒಳ ಉಡುಪಿನ ಮೇಲೆ ದಾರದಲ್ಲಿ ಗುರುತು ಹೊಲಿದುಕೊಡುತ್ತೇವೆ. ಆಗಾಗ ಒಂದಿಷ್ಟು ಹೊತ್ತು ಹಾಕಿಕೊಂಡು ಓಡಾಡಿದರೆ ಮೈಗೆ ಒಗ್ಗುತ್ತದೆ. ಮೈಗೆ ಏನಾದರೂ ತಾಗಿದರೆ ಕಿರಿಕಿರಿಪಡುವ ಆಟಿಸಂ ಮಕ್ಕಳಿಗೆ ಇದು ತುಂಬಾ ಮುಖ್ಯ. ತೆಗೆಯುವುದು, ಪೇಪರಿನಲ್ಲಿ ಸುತ್ತುವುದು, ಬುಟ್ಟಿಗೆ ಹಾಕುವುದು, ಕೈ ತೊಳೆಯುವುದು. ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಇದು ಅನ್ನುವುದೂ ಪಾಠದ ಭಾಗವೇ. ಶಾಲೆ ಇಲ್ಲಿ ದಾರಿ ಹೇಳಬಹುದು, ಕಲಿಸುವವರು ಅಮ್ಮ. ಅಮ್ಮ ಇಲ್ಲದ ಮನೆಗಳಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಮುಂದೆ ಬರಬೇಕು.

ಮನೆಯಲ್ಲಿ ಇರುವ ನಿಜವಾದ ಶತ್ರು ಗಡಿಯಾರ. ಎಂಟೂವರೆಗೆ ವ್ಯಾನ್ ಬರುತ್ತದೆ. ಅವನೇ ಚಪ್ಪಲಿ ಹಾಕಿಕೊಂಡರೆ ಹತ್ತು ನಿಮಿಷ, ಅಮ್ಮ ಹಾಕಿದರೆ ಅರ್ಧ ನಿಮಿಷ. ಅಮ್ಮ ಏನು ಮಾಡುತ್ತಾಳೆ? ನಾನಿದ್ದರೂ ಅದೇ ಮಾಡುತ್ತೇನೆ. ಅದಕ್ಕೇ ಪೋಷಕರಿಗೆ ನಾನು ದೊಡ್ಡ ಪಟ್ಟಿ ಕೊಡುವುದಿಲ್ಲ. ಬೆಳಿಗ್ಗೆ ಒಂದನ್ನೂ ಕಲಿಸಬೇಡಿ, ಸಂಜೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಆ ಕೆಲಸವನ್ನು ಮಾತ್ರ ಮನೆಯಲ್ಲಿ ಯಾರೂ ಅವನ ಬದಲು ಮಾಡಬೇಡಿ ಅನ್ನುತ್ತೇನೆ. 'ನಮ್ಮ ಕಾಲ ಆದ್ಮೇಲೆ ಇವನಿಗ್ಯಾರು ಮಿಸ್?' ಎಂದು ಕೇಳದ ತಂದೆತಾಯಿಯನ್ನು ನಾನು ಕಂಡಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತನ್ನ ಬಟ್ಟೆ ತಾನು ಒಗೆದುಕೊಳ್ಳುವವನನ್ನು ನೋಡಿಕೊಳ್ಳಲು ಅಣ್ಣನೋ ಅತ್ತಿಗೆಯೋ ಸ್ವಲ್ಪ ಸುಲಭವಾಗಿ ಒಪ್ಪುತ್ತಾರೆ ಅನ್ನುವುದಷ್ಟೇ ಗೊತ್ತು. ಕಠಿಣವಾಗಿ ಕೇಳಿಸುತ್ತದೆ, ಆದರೆ ನಾನು ಕಂಡದ್ದು ಹೀಗೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ವರ್ಷದವರೆಗೆ ಕೊಡುತ್ತದೆ. ಆಮೇಲೆ? ಹೆಚ್ಚಿನವರಿಗೆ ಮನೆ. ಕೆಲವರಿಗೆ ಪೇಪರ್ ಕವರು, ಫಿನೈಲ್, ಮೇಣದಬತ್ತಿ ಮಾಡುವ ಶೆಡ್. ಇದಕ್ಕಿಂತ ಹೆಚ್ಚು ಇವರಿಂದ ಆಗದು ಅನ್ನುವವರು ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ ಅವರ ಕೆಲಸ ನೋಡಬೇಕು. 1970ರ ದಶಕದಲ್ಲಿ ಅವರು ತೀವ್ರ ಬೌದ್ಧಿಕ ಅಸಾಮರ್ಥ್ಯ ಇದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಹೆಚ್ಚು ಮಾತಿಲ್ಲದೆ, ಕೆಲಸವನ್ನು ತುಂಡು ತುಂಡು ಮಾಡಿ. ನಮ್ಮಲ್ಲೇ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಇದೆ. ಅಂಗವೈಕಲ್ಯ ಇರುವವರೇ ನಡೆಸುವ ಆ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದವರೆಗೆ ಹೋಯಿತು.

ನಮ್ಮ ಒಬ್ಬ ಹಳೇ ವಿದ್ಯಾರ್ಥಿ ಈಗ ಒಂದು ಹೋಟೆಲ್‌ನಲ್ಲಿ ಟೇಬಲ್ ಒರೆಸುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಲೀಕರಿಂದ ಫೋನ್ ಬಂತು. ಗಿರಾಕಿ ಇನ್ನೂ ಇಡ್ಲಿ ತಿನ್ನುತ್ತಿರುವಾಗಲೇ ಅವರ ತಟ್ಟೆ ಎತ್ತಿ ಟೇಬಲ್ ಒರೆಸಿಬಿಡುತ್ತಾನಂತೆ. ಒರೆಸುವುದಂತೂ ಫಸ್ಟ್ ಕ್ಲಾಸ್. ಅವನು ಅದನ್ನು ಕಲಿತದ್ದು ಶಾಲೆಯ ಊಟದ ಹಾಲ್‌ನಲ್ಲಿ, ಎಲ್ಲರೂ ಎದ್ದು ಹೋದ ಮೇಲೆ. ಜನ ಕೂತಿರುವ ಟೇಬಲ್ ಅವನ ಪಾಠದಲ್ಲಿ ಇರಲೇ ಇಲ್ಲ. ನಮ್ಮ ಸಹೋದ್ಯೋಗಿ ಒಬ್ಬರು ಹೋಗಿ, ಅಲ್ಲೇ ಅವನ ಜೊತೆ ನಿಂತು ಹೊಸ ನಿಯಮ ಕಲಿಸಿದರು. ಕುರ್ಚಿ ಖಾಲಿ ಇದ್ದರೆ ಮಾತ್ರ ಟೇಬಲ್. ಈಗ ಅವನು ಬಟ್ಟೆ ಹಿಡಿದುಕೊಂಡು ಕುರ್ಚಿಯನ್ನೇ ನೋಡುತ್ತಾ ನಿಲ್ಲುತ್ತಾನೆ. ಕಾಫಿ ಮುಗಿಸಿ, ಖಾಲಿ ಲೋಟ ಮುಂದಿಟ್ಟುಕೊಂಡು ಗಂಟೆಗಟ್ಟಲೆ ರಾಜಕೀಯ ಮಾತಾಡುವ ನಾಲ್ವರ ಗುಂಪು ಒಂದಿದೆ. ಅವರ ಮುಂದೆ ಇವನ ನಿಯಮ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇನಾದರೂ ಪಾಠ ಇದೆಯಾ ಎಂದು ಮಾಲೀಕರನ್ನು ಕೇಳಿದೆ. 'ಇದ್ರೆ ಮೊದ್ಲು ನಂಗೆ ಹೇಳ್ಕೊಡಿ ಮೇಡಂ' ಅಂದರು.